ಚೌಕಳಿ ಕೋಟಿನ ಮುದುಕ ಮತ್ತು ನನ್ನ ಬಾಯಿ...

ತುಂಬಾ ದಿನ ಆಯ್ತು ಇಲ್ಲಿ ಏನೂ ಬರೆಯದೆ. ಕೆಲಸ, ರಿಲೀಸು, ಊರು, ಮತ್ತೆ ಕೆಲಸ ಅಂತ ನೆಪಗಳು ಬೇಕಾದಷ್ಟಿವೆ. ನಿಜವಾದ ಕಾರಣ ಸೋಮಾರಿತನ, ಅದು ನಿಮಗೂ ಗೊತ್ತು :) ಈಗಲೂ ಬರೀತಿರ್ಲಿಲ್ಲವೇನೋ. ಆದ್ರೆ ಒಂದು ಫಾರ್ವರ್ಡ್ ಮೆಸೇಜು ತಲೆ ಕೆಡಿಸಿಬಿಟ್ಟಿತು.

ನಿಮಗೂ ಬಂದಿರುತ್ತೆ ನೋಡಿ. ಪ್ರತಿವರ್ಷ ಜನವರಿ 26 ಹತ್ತಿರ ಬಂದಾಗ ಯಾರಾದ್ರೂ ಒಬ್ಬರು ಕಳಿಸೇ ಕಳಿಸ್ತಾರೆ. ಮೈಸೂರಿನ ಒಬ್ಬ ಹುಡುಗ ಮುಂಬೈನ ಜೆ.ಜೆ. ಕಲಾಶಾಲೆಗೆ ಅರ್ಜಿ ಹಾಕಿದ. ನಿನ್ನಲ್ಲಿ ಅಷ್ಟು ಪ್ರತಿಭೆ ಇಲ್ಲಪ್ಪ ಅಂತ ಅವರು ವಾಪಸ್ ಕಳಿಸಿದ್ರು. ಆ ಹುಡುಗನೇ ಮುಂದೆ ಆರ್.ಕೆ. ಲಕ್ಷ್ಮಣ್ ಆದ. ಅದೇ ಶಾಲೆಯವರು ಮುಂದೊಂದು ದಿನ ಅವರನ್ನೇ ಅತಿಥಿಯಾಗಿ ಕರೆದ್ರು. ಕೊನೆಗೆ ಕೈ ಮುಗಿಯೋ ಚಿಹ್ನೆ, 'ಸೋಲೇ ಗೆಲುವಿನ ಮೆಟ್ಟಿಲು'. ನಮ್ಮ ಆಫೀಸಿನ ಗುಂಪಲ್ಲಿ ಇದಕ್ಕೆ ಮೂವತ್ತು ಹೆಬ್ಬೆಟ್ಟು ಬಿದ್ವು.

ಕಥೆ ಸುಳ್ಳಲ್ಲ, ಲಕ್ಷ್ಮಣ್ ಅವರೇ ಹೇಳಿಕೊಂಡದ್ದು. ಆದ್ರೆ ನನಗೆ ಇದು ಅಷ್ಟಕ್ಕಷ್ಟೆ. ಒಂದು ದೊಡ್ಡ ಬದುಕನ್ನ ಒಂದು ರಿಜೆಕ್ಷನ್ ಪತ್ರ, ಒಂದು ಶಾಲು ಸನ್ಮಾನ ಅಂತ ಎರಡು ಸಾಲಿಗೆ ಇಳಿಸಿಬಿಟ್ರೆ ನಡುವೆ ಆ ಮನುಷ್ಯ ಮಾಡಿದ ಕೆಲಸ ಎಲ್ಲಿ ಹೋಯ್ತು?

ನನಗೆ ಲಕ್ಷ್ಮಣ್ ಸಿಕ್ಕಿದ್ದು ಪೇಪರಲ್ಲಿ ಅಲ್ಲ. ನಮ್ಮೂರು ಶಿವಮೊಗ್ಗ ಜಿಲ್ಲೆಯ ಮೂಲೆ. ಅಲ್ಲಿಗೆ ಇಂಗ್ಲಿಷ್ ಪೇಪರ್ ಬರ್ತಾನೇ ಇರ್ಲಿಲ್ಲ, ಬಂದಿದ್ರೂ ಓದೋರು ಯಾರು? ನನಗೆ ಓದೋ ವಯಸ್ಸು ಬರೋ ಹೊತ್ತಿಗೆ ಅವರ ಕೈಯೂ ಹೆಚ್ಚುಕಮ್ಮಿ ನಿಂತಿತ್ತು (2003ರಲ್ಲಿ ಪಾರ್ಶ್ವವಾಯು ಹೊಡೆದು ಎಡಭಾಗ ಸ್ವಾಧೀನ ತಪ್ಪಿತ್ತು, 2010ರಲ್ಲಿ ಮತ್ತೆ). ನನಗೆ ಸಿಕ್ಕಿದ್ದು 'ಮಾಲ್ಗುಡಿ ಡೇಸ್' ಧಾರಾವಾಹಿಯ ಶುರುವಲ್ಲಿ ಬರೋ ಆ ರೇಖೆಗಳಲ್ಲಿ. 1986ರಲ್ಲಿ ಶಂಕರ್ ನಾಗ್ ನಮ್ಮ ಆಗುಂಬೆಯಲ್ಲೇ ಅದನ್ನ ತೆಗೆದದ್ದು ಅನ್ನೋದು ನಮ್ಮ ಕಡೆಯವರಿಗೆಲ್ಲ ಒಂದು ಹೆಮ್ಮೆ. ಅರಸಾಳು ರೈಲ್ವೆ ಸ್ಟೇಷನ್ನನ್ನ 2020ರಲ್ಲಿ ಮಾಲ್ಗುಡಿ ಮ್ಯೂಸಿಯಂ ಮಾಡಿದಾಗಂತೂ ಊರವರು ತಾವೇ ನಟಿಸಿದ ಹಾಗೆ ಆಡಿದ್ರು. ಅಣ್ಣ ಆರ್.ಕೆ. ನಾರಾಯಣ್ ಬರೆದ ಕಥೆ, ತಮ್ಮ ಬಿಡಿಸಿದ ಚಿತ್ರ. ಚಿಕ್ಕವನಿದ್ದಾಗ ನಾನು ಮಾಲ್ಗುಡಿ ಅನ್ನೋ ಊರು ನಿಜವಾಗ್ಲೂ ಇದೆ, ತೀರ್ಥಹಳ್ಳಿ ದಾಟಿದ ಮೇಲೆ ಸಿಗುತ್ತೆ ಅಂತ ನಂಬಿದ್ದೆ. ಪೂರ್ತಿ ತಪ್ಪೇನಲ್ಲ ಬಿಡಿ.

ಆಮೇಲೆ ಬೆಂಗಳೂರಿಗೆ ಬಂದಾಗ ಚರ್ಚ್ ಸ್ಟ್ರೀಟಿನ ಹಳೇ ಪುಸ್ತಕದಂಗಡಿಯಲ್ಲಿ ಅವರ ವ್ಯಂಗ್ಯಚಿತ್ರಗಳ ಒಂದು ಸಂಕಲನ ಸಿಕ್ತು. ಅವತ್ತು ರಾತ್ರಿ ಪಿಜಿಯಲ್ಲಿ ಕೂತು ಒಂದೇ ಸಮನೆ ನೋಡಿದ್ದು ನೆನಪಿದೆ. ನಾನು ಹುಟ್ಟೋಕೆ ಎಷ್ಟೋ ವರ್ಷ ಮುಂಚಿನವು. ಗುಂಡಿ ಬಿದ್ದ ರಸ್ತೆ, ನಲ್ಲಿಯಲ್ಲಿ ಬಾರದ ನೀರು, ಬೆಲೆ ಏರಿಕೆ, ವಿದೇಶ ಪ್ರವಾಸಕ್ಕೆ ಹೊರಟ ಮಂತ್ರಿ. ಒಂದಕ್ಕೂ ಅಡಿಟಿಪ್ಪಣಿ ಬೇಕಾಗಲಿಲ್ಲ. ಇದು ಲಕ್ಷ್ಮಣರ ಹಿರಿಮೆಯೋ ನಮ್ಮ ದೇಶದ ಹಣೆಬರಹವೋ, ನೀವೇ ಹೇಳಿ.

ಫಾರ್ವರ್ಡಲ್ಲಿ ಬಿಟ್ಟುಹೋದದ್ದನ್ನ ಸ್ವಲ್ಪ ಹೇಳ್ತೀನಿ. ಲಕ್ಷ್ಮಣ್ ಹುಟ್ಟಿದ್ದು 1921ರ ಅಕ್ಟೋಬರ್ 24ರಂದು ಮೈಸೂರಲ್ಲಿ. ಅಪ್ಪ ಹೆಡ್ಮಾಸ್ಟರು. ಮನೆಮಾತು ತಮಿಳು, ಬೀದಿಯ ಮಾತು ಕನ್ನಡ, ಅಪ್ಪನ ಕಪಾಟಲ್ಲಿ ಇಂಗ್ಲಿಷ್. ಗೋಡೆ, ನೆಲ, ಬಾಗಿಲು ಒಂದನ್ನೂ ಬಿಡದೆ ಗೀಚೋ ಹುಡುಗ. ಶಾಲೆಯಲ್ಲಿ ಮೇಷ್ಟ್ರು ಎಲೆ ಬಿಡಿಸೋಕೆ ಹೇಳಿದಾಗ ಈತ ಬಿಡಿಸಿದ ಅರಳಿ ಎಲೆಯನ್ನ ಮೆಚ್ಚಿಕೊಂಡ್ರಂತೆ. ತಾನೊಬ್ಬ ಕಲಾವಿದ ಅಂತ ಅವತ್ತೇ ತೀರ್ಮಾನ. ಇಂಗ್ಲೆಂಡಿನ ಡೇವಿಡ್ ಲೋ ಅವರ ವ್ಯಂಗ್ಯಚಿತ್ರಗಳು 'ಹಿಂದೂ' ಪತ್ರಿಕೆಯಲ್ಲಿ ಬರ್ತಿದ್ವು. ಆ ಸಹಿಯನ್ನ 'ಕೌ' ಅಂತ ಓದಿಕೊಂಡು, ಯಾರಪ್ಪಾ ಈ ಹಸು ಅಂತ ಬಹಳ ಕಾಲ ಅಂದುಕೊಂಡಿದ್ರಂತೆ! ಇದು ನನಗೆ ಜೆ.ಜೆ. ಕಥೆಗಿಂತ ಸಾವಿರ ಪಾಲು ಇಷ್ಟ. ಗುರುವಿನ ಹೆಸರೂ ಸರಿಯಾಗಿ ಗೊತ್ತಿಲ್ಲ, ಆದ್ರೆ ಗುರು ಎಳೆದ ಗೆರೆ ಮಾತ್ರ ಬಾಯಿಪಾಠ.

ಜೆ.ಜೆ. ಬೇಡ ಅಂದ ಮೇಲೆ ಮಹಾರಾಜಾ ಕಾಲೇಜಲ್ಲಿ ಬಿ.ಎ. ಓದ್ತಾನೇ ಅಣ್ಣನ ಕಥೆಗಳಿಗೆ ಚಿತ್ರ ಬರೆದ್ರು, ಆ ಕಾಲದ ಪತ್ರಿಕೆಗಳಿಗೆ ಬರೆದ್ರು. ನಮ್ಮ ರಾ.ಶಿ. ಅವರ 'ಕೊರವಂಜಿ'ಗೆ ಬರೆದ್ರು. ಇಲ್ಲಿ ಸ್ವಲ್ಪ ನಿಲ್ಲಬೇಕು. 1942ರಲ್ಲಿ ಬೆಂಗಳೂರಿನ ಒಬ್ಬ ಡಾಕ್ಟರು ರೋಗಿಗಳನ್ನ ನೋಡ್ತಾ ನೋಡ್ತಾ ಕನ್ನಡದಲ್ಲಿ ನಗೆಪತ್ರಿಕೆ ಶುರುಮಾಡ್ತಾರೆ, ಸುಮಾರು 25 ವರ್ಷ ನಡೆಸ್ತಾರೆ. ಅದರ ಪುಟಗಳಲ್ಲಿ ಕೈ ಪಳಗಿಸಿಕೊಂಡವರಲ್ಲಿ ಲಕ್ಷ್ಮಣ್ ಒಬ್ಬರು. ನಾವು ಲಕ್ಷ್ಮಣ್ ನಮ್ಮವರು ನಮ್ಮವರು ಅಂತ ಎದೆ ತಟ್ಟಿಕೊಳ್ಳೋದು ಸರಿ, ಆದ್ರೆ ಕೊರವಂಜಿ ಹೆಸರು ನಮ್ಮ ಆಫೀಸಿನ ಹನ್ನೊಂದು ಕನ್ನಡಿಗರಲ್ಲಿ ಗೊತ್ತಿದ್ದದ್ದು ಇಬ್ಬರಿಗೆ. (ಹೌದು, ಕೇಳಿ ನೋಡ್ದೆ. ಒಬ್ಬ ಅದು ನಾಟಕದ ಪಾತ್ರ ಅಲ್ವಾ ಅಂದ.)

ದೆಹಲಿಗೆ ಹೋದ್ರು, ಇನ್ನೂ ಚಿಕ್ಕವನು ಅಂತ ವಾಪಸ್ ಕಳಿಸಿದ್ರು. ಮುಂಬೈನ 'ಫ್ರೀ ಪ್ರೆಸ್ ಜರ್ನಲ್'ನಲ್ಲಿ ಕೆಲಸ ಸಿಕ್ತು. ಅಲ್ಲಿ ಜೊತೆಗಿದ್ದ ಇನ್ನೊಬ್ಬ ವ್ಯಂಗ್ಯಚಿತ್ರಕಾರ ಬಾಳ ಠಾಕ್ರೆ! ಆ ಪತ್ರಿಕೆಯ ಮಾಲೀಕರು ಕಮ್ಯುನಿಸ್ಟರನ್ನ ಗೇಲಿ ಮಾಡಬೇಡ ಅಂದಾಗ ಲಕ್ಷ್ಮಣ್ ಎದ್ದು ಹೊರಟರು. ವಿಕ್ಟೋರಿಯಾ ಗಾಡಿ ಹತ್ತಿ 'ಟೈಮ್ಸ್ ಆಫ್ ಇಂಡಿಯಾ'ಕ್ಕೆ ಹೋದ್ರು. ಆಮೇಲೆ ಐವತ್ತು ವರ್ಷಕ್ಕೂ ಹೆಚ್ಚು ಅದೇ ಪತ್ರಿಕೆ. ನಮ್ಮ ಕ್ಷೇತ್ರದಲ್ಲಿ ಎರಡು ವರ್ಷ ಒಂದೇ ಕಡೆ ಇದ್ರೆ ಏನಾದ್ರೂ ಸಮಸ್ಯೆನಾ ಅಂತ ಕೇಳ್ತಾರೆ.

ಈ ವಿಕ್ಟೋರಿಯಾ ಗಾಡಿಯನ್ನ ನೆನಪಲ್ಲಿಟ್ಕೊಳ್ಳಿ, ಮತ್ತೆ ಬರುತ್ತೆ.

1951ರಲ್ಲಿ 'ಯೂ ಸೆಡ್ ಇಟ್' ಅನ್ನೋ ಪಾಕೆಟ್ ಕಾರ್ಟೂನು ಶುರುವಾಯ್ತು. ಅದರಲ್ಲೇ ಕಾಮನ್ ಮ್ಯಾನ್ ಇರೋದು. ಚೌಕಳಿ ಕೋಟು, ಪಂಚೆ, ದುಂಡು ಕನ್ನಡಕ, ಬೋಳುತಲೆಯ ಪಕ್ಕದಲ್ಲಿ ಎದ್ದು ನಿಂತ ನಾಲ್ಕು ಕೂದಲು, ಪೊದೆ ಮೀಸೆ. ಈತ ಹೇಗೆ ಹುಟ್ಟಿದ ಅನ್ನೋದು ಒಬ್ಬ ಇಂಜಿನಿಯರ್ ಆಗಿ ನನಗೆ ಬಹಳ ಖುಷಿ ಕೊಟ್ಟ ವಿಷಯ. ಯಾವುದೋ ದಿವ್ಯ ಹೊಳಹಿನಿಂದ ಅಲ್ಲ ಸ್ವಾಮೀ, ಡೆಡ್‌ಲೈನಿಂದ! ಮೊದಮೊದಲು ಭಾರತದ ಜನ ಅಂದ್ರೆ ಒಬ್ಬ ಬಂಗಾಳಿ, ಒಬ್ಬ ಪಂಜಾಬಿ, ಒಬ್ಬ ತಮಿಳ, ಹೀಗೆ ಗುಂಪು ಗುಂಪಾಗಿ ಬಿಡಿಸ್ತಿದ್ರಂತೆ. ದಿನಾ ಸಂಜೆಯೊಳಗೆ ಚಿತ್ರ ಮುಗೀಬೇಕು. ಟೈಮ್ ಸಾಲಲ್ಲ. ಒಬ್ಬೊಬ್ಬರನ್ನೇ ಕೈಬಿಡ್ತಾ ಬಂದ್ರು. ಕೊನೆಗೆ ಉಳಿದವನು ಈ ಮುದುಕ ಒಬ್ಬನೇ. ಯಾವ ರಾಜ್ಯದವನು, ಯಾವ ಜಾತಿ, ಏನು ಕೆಲಸ, ಒಂದೂ ತಿಳಿಯದ ಹಾಗೆ ಎಲ್ಲ ಉಜ್ಜಿಹೋಗಿ ಉಳಿದವನು. ನಾವು ರಿಫ್ಯಾಕ್ಟರಿಂಗ್ ಅಂತ ದೊಡ್ಡ ಹೆಸರಿಟ್ಟು ಮಾಡೋದು ಇದನ್ನೇ ಅಲ್ವಾ? ಬೇಡದ್ದನ್ನ ತೆಗೀತಾ ಹೋಗು, ಇನ್ನು ತೆಗೆದ್ರೆ ಮುರಿಯುತ್ತೆ ಅನ್ನೋವಾಗ ನಿಲ್ಲಿಸು.

ಅದಕ್ಕೇ ನನಗೆ ಜೆ.ಜೆ. ಕಥೆಗಿಂತ ಇದು ದೊಡ್ಡದು. ದಶಕಗಳ ಕಾಲ ಹೆಚ್ಚುಕಮ್ಮಿ ಪ್ರತಿದಿನ ಬೆಳಿಗ್ಗೆ ಖಾಲಿ ಹಾಳೆ, ಸಂಜೆಗೆ ಬ್ರಷ್ಷು ಇಂಡಿಯನ್ ಇಂಕಲ್ಲಿ ಒಂದು ಜೋಕು. ಇವತ್ತು ಚೆನ್ನಾಗಿ ಬರ್ಲಿಲ್ಲ ಅಂತ ನಾಳೆಗೆ ಮುಂದೂಡೋಕೆ ಆಗಲ್ಲ. ಮೂರು ತಿಂಗಳಿಗೊಮ್ಮೆ ಬ್ಲಾಗ್ ಬರೆಯೋ ನನ್ನಂಥವನು ಇದರ ಮುಂದೆ ಮಾತಾಡೋ ಹಾಗೇ ಇಲ್ಲ.

ಈಗ ವಿಷಯಕ್ಕೆ ಬರ್ತೀನಿ. ಇಷ್ಟೊತ್ತು ಬರೆದದ್ದು ಪೀಠಿಕೆ, ಕ್ಷಮಿಸಿ.

ಕಾಮನ್ ಮ್ಯಾನ್ ಮಾತಾಡಲ್ಲ. ಇದು ಎಲ್ಲರಿಗೂ ಗೊತ್ತು. ಹೆಂಡತಿ ಮಾತಾಡ್ತಾಳೆ (ಎಷ್ಟು ಚೆನ್ನಾಗಿ ಮಾತಾಡ್ತಾಳೆ!), ಮಂತ್ರಿ ಮಾತಾಡ್ತಾನೆ, ಗುಮಾಸ್ತ ಮಾತಾಡ್ತಾನೆ, ಈತ ಮಾತ್ರ ಹುಬ್ಬು ಮೇಲೇರಿಸಿ ನೋಡ್ತಾ ನಿಂತಿರ್ತಾನೆ. ಅವನ ಬಗ್ಗೆ ಬಂದ ಲೇಖನಗಳೆಲ್ಲ ಈ ಮೌನವನ್ನ ಹೊಗಳೋದೇ ಹೊಗಳೋದು. ಸಹನೆಯ ಮೂರ್ತಿ, ಕೋಟಿ ಕೋಟಿ ಭಾರತೀಯರ ಮೂಕ ಸಾಕ್ಷಿ... ನಾನೂ ಹಾಗೇ ನಂಬಿದ್ದೆ. ನನ್ನ ಡೆಸ್ಕಿನ ಮೇಲೆ ಅವನ ಚಿತ್ರ ಇರೋ ಕಾಫಿ ಮಗ್ಗು ಇತ್ತು.

ಕಳೆದ ವರ್ಷ ನಮ್ಮ ಟೀಮಲ್ಲಿ ಒಂದು ಘಟನೆ ಆಯ್ತು. ಕಂಪನಿ ಹೆಸರು ಬೇಡ, ಯಾರ ಹೆಸರೂ ಬೇಡ. ಒಂದು ಶುಕ್ರವಾರ ರಾತ್ರಿ ಗ್ರಾಹಕರ ಸಿಸ್ಟಂ ನಾಲ್ಕು ಗಂಟೆ ಬಿದ್ದುಹೋಯ್ತು. ಬದಲಾವಣೆ ಮಾಡಿದ್ದು ಸೇರಿ ಏಳು ತಿಂಗಳಾಗಿದ್ದ ಒಬ್ಬ ಹುಡುಗ, ಹಾಸನದ ಕಡೆಯವನು. ಸೋಮವಾರದ ಮೀಟಿಂಗಲ್ಲಿ ಮ್ಯಾನೇಜರು ಅವನ ಹೆಸರು ಹೇಳಿ, ಅಜಾಗರೂಕತೆ ಅಂತ ಅಂದು, ಮೇಲಿನವರಿಗೆ ವರದಿ ಹೋಗುತ್ತೆ ಅಂದ್ರು. ನಿಜ ಏನಪ್ಪಾ ಅಂದ್ರೆ ಆ ಕೋಡನ್ನ ರಿವ್ಯೂ ಮಾಡಿ ಸರಿ ಇದೆ ಅಂತ ಒಪ್ಪಿಗೆ ಕೊಟ್ಟವನು ನಾನು. ಸಂಜೆ ಏಳಕ್ಕೆ, ಮನೆಗೆ ಹೋಗೋ ಅವಸರದಲ್ಲಿ, ಪೂರ್ತಿ ಓದದೆ. ಅದು ಮ್ಯಾನೇಜರಿಗೆ ಗೊತ್ತಿತ್ತೋ ಇಲ್ಲವೋ. ಹುಡುಗನಿಗೆ ಗೊತ್ತಿತ್ತು. ಅವನು ಒಂದು ಸಲ ನನ್ನ ಕಡೆ ನೋಡಿದ. ನಾನು ಮಗ್ಗಿನ ಕಡೆ ನೋಡಿದೆ. ಮಾತಾಡ್ಲಿಲ್ಲ. ಅಲ್ಲಿದ್ದ ಒಂಬತ್ತು ಜನರೂ ಮಾತಾಡ್ಲಿಲ್ಲ.

ಎರಡು ತಿಂಗಳಲ್ಲಿ ಅವನು ಕೆಲಸ ಬಿಟ್ಟ. ಬಿಟ್ಟ ಅನ್ನೋದಕ್ಕಿಂತ ಬಿಡೋ ಹಾಗೆ ಮಾಡಿದ್ರು.

ಅದಾದ ಮೇಲೆ ಆ ಸಂಕಲನ ಮತ್ತೆ ತೆಗೆದು ನೋಡಿದಾಗ ಮುದುಕನ ಮುಖ ಮೊದಲಿನ ಹಾಗೆ ಕಾಣ್ಲಿಲ್ಲ. ಇವನೇನು ಸಹನಾಮೂರ್ತಿ, ಇವನು ಮೀಟಿಂಗಲ್ಲಿ ಕೂತ ನಾನು! ಎಲ್ಲಾ ನೋಡ್ತಾನೆ, ಎಲ್ಲಾ ಗೊತ್ತು, ಬಾಯಿ ಮಾತ್ರ ಬಿಡಲ್ಲ. ಇವನನ್ನ ನಾವು ಇಷ್ಟು ಪ್ರೀತಿಸೋಕೆ ಕಾರಣ ಅದೇ ಇರಬಹುದಾ? ನಮ್ಮ ಹೇಡಿತನಕ್ಕೆ ಚೌಕಳಿ ಕೋಟು ಹಾಕಿ ಚಂದ ಮಾಡಿ ಕೊಟ್ಟಿದ್ದಾನೆ ಅಂತಲಾ?

ಇಷ್ಟು ಅಂದ್ಕೊಂಡು ಲಕ್ಷ್ಮಣ್ ಮೇಲೆ ಸಿಟ್ಟು ಮಾಡಿಕೊಂಡಿದ್ದೆ. ಅವರ ಮಂತ್ರಿಗಳೆಲ್ಲ ಒಂದೇ ಥರ, ದಪ್ಪ ಹೊಟ್ಟೆ, ಟೋಪಿ. ಎಲ್ಲ ಕಳ್ಳರೇ ಬಿಡು ಅಂತ ನಕ್ಕು ಪುಟ ತಿರುವಿಬಿಡಬಹುದು. ಅದೇ ಅಬು ಅಬ್ರಹಾಂ ನೋಡಿ. 1975ರ ಡಿಸೆಂಬರಲ್ಲಿ, ತುರ್ತುಪರಿಸ್ಥಿತಿಯ ನಡುವೆ, 'ಇಂಡಿಯನ್ ಎಕ್ಸ್‌ಪ್ರೆಸ್'ನಲ್ಲಿ ರಾಷ್ಟ್ರಪತಿಗಳು ಸ್ನಾನದ ತೊಟ್ಟಿಯಲ್ಲಿ ಕೂತೇ ಸುಗ್ರೀವಾಜ್ಞೆಗೆ ಸಹಿ ಹಾಕೋ ಚಿತ್ರ ಬರೆದ್ರು. ಆ ಚಿತ್ರ ನೋಡಿ ನಕ್ಕು ಪುಟ ತಿರುವೋಕೆ ಆಗಲ್ಲ. ಗಂಟಲಲ್ಲೇ ಸಿಕ್ಕಿಹಾಕಿಕೊಳ್ಳುತ್ತೆ. ಚೂಪಿನಲ್ಲಿ ಅಬು ಒಂದು ಕೈ ಮೇಲೆ ಅಂತ ಈಗಲೂ ನನ್ನ ಅಭಿಪ್ರಾಯ. ಲಕ್ಷ್ಮಣ್ ಅಭಿಮಾನಿಗಳು ಕಾಮೆಂಟಲ್ಲಿ ಬೈಯಿರಿ, ಅಡ್ಡಿಯಿಲ್ಲ.

ಆದ್ರೆ ಸಿಟ್ಟು ಇಳಿದ ಮೇಲೆ ಇನ್ನೊಂದು ಹೊಳೀತು. ಒಂದೇ ಚೌಕದ ಕಾರ್ಟೂನಲ್ಲಿ ಮಾತಾಡೋಕೆ ಜಾಗ ಒಬ್ಬರಿಗೆ. ಮಂತ್ರಿ ತನ್ನ ಬಾಯಿಂದಲೇ ತಾನು ಸಿಕ್ಕಿಬೀಳಬೇಕು ಅಂದ್ರೆ ಎದುರಿಗಿರೋನು ಸುಮ್ಮನಿರಬೇಕು. ಮುದುಕ ಒಂದು ಮಾತು ಉತ್ತರ ಕೊಟ್ಟ ಅನ್ನಿ, ಅದು ಬರೀ ಜಗಳ ಆಗುತ್ತೆ. ಓದೋನು ಅವನ ಪಕ್ಷ ವಹಿಸಿ ಹಾಯಾಗಿ ಕೂರ್ತಾನೆ. ಅವನು ಸುಮ್ಮನಿದ್ರೆ ಉತ್ತರ ಹೇಳೋ ಜವಾಬ್ದಾರಿ ಪೇಪರ್ ಹಿಡ್ಕೊಂಡಿರೋನ ತಲೆಗೆ ಬೀಳುತ್ತೆ. ಅಂದ್ರೆ ಆ ಮೌನ ಒಂದು ಕಸುಬಿನ ಉಪಾಯ. ನಾವು ಅದನ್ನ ಗುಣ ಅಂತ ತಿಳ್ಕೊಂಡು ಪೂಜೆ ಮಾಡ್ತಾ ಇದ್ದೀವಿ.

ಪೂಜೆ ಅಂದಿದ್ದು ಉತ್ಪ್ರೇಕ್ಷೆ ಅಲ್ಲ. 1988ರಲ್ಲಿ ಅವನ ಚಿತ್ರ ಅಂಚೆಚೀಟಿಯಲ್ಲಿ ಬಂತು. 2001ರಲ್ಲಿ ಪುಣೆಯ ಸಿಂಬಯಾಸಿಸ್ ಆವರಣದಲ್ಲಿ ಕಂಚಿನ ಪ್ರತಿಮೆ ಎದ್ದಿತು, ಮುಂಬೈನ ವರ್ಲಿ ಸಮುದ್ರದಂಡೆಯಲ್ಲಿ ಇನ್ನೊಂದು. ನಮ್ಮ ಗೊರೂರಿನ ಕ್ಯಾಪ್ಟನ್ ಗೋಪಿನಾಥ್ 2003ರಲ್ಲಿ ಏರ್ ಡೆಕ್ಕನ್ ಶುರು ಮಾಡಿದಾಗ ವಿಮಾನದ ಗುರುತೂ ಇವನೇ. (ಪಂಚೆ ಉಟ್ಟವನೂ ವಿಮಾನ ಹತ್ತಬೇಕು ಅನ್ನೋ ಆಸೆ ಒಳ್ಳೆಯದೇ, ಅದಕ್ಕೆ ನನ್ನ ತಕರಾರಿಲ್ಲ.) ಗುಂಡಿ ಬಿದ್ದ ರಸ್ತೆ ನೋಡ್ತಾ ನಿಂತಿದ್ದವನನ್ನ ಕಂಚು ಮಾಡಿ ನಿಲ್ಲಿಸಿದ್ವಿ, ರಸ್ತೆ ಹಾಗೇ ಇದೆ.

ಈ ಪೂಜೆಯಲ್ಲಿ ಮರೆತುಹೋದದ್ದು ಆ ಮುದುಕನನ್ನ ಬರೆದ ಮನುಷ್ಯ. ಅವನಂತೂ ಮೌನಿ ಅಲ್ಲ. ವಿಕ್ಟೋರಿಯಾ ಗಾಡಿ ನೆನಪಿಟ್ಕೊಳ್ಳಿ ಅಂದೆನಲ್ಲ. ಕೈಯಲ್ಲಿ ಬೇರೆ ಕೆಲಸ ಇಲ್ಲ, ವಯಸ್ಸು ಇಪ್ಪತ್ತೈದರ ಆಸುಪಾಸು, ಹೆಚ್ಚುಕಮ್ಮಿ ನನ್ನದೇ ವಯಸ್ಸು. ಇಂಥವರ ಬಗ್ಗೆ ಬರೀಬೇಡ ಅಂದ ಕೂಡಲೇ ಎದ್ದು ಗಾಡಿ ಹತ್ತಿದ ಮನುಷ್ಯ. ಇಲ್ಲಿ ಕಮ್ಯುನಿಸ್ಟರು ಸರಿಯೋ ತಪ್ಪೋ ಪ್ರಶ್ನೆ ಅಲ್ಲ. ಯಾರನ್ನ ನೋಡಿ ನಗಬೇಕು ಅಂತ ಇನ್ನೊಬ್ಬ ಹೇಳಬಾರದು, ಅಷ್ಟೇ. 1962ರ ಚೀನಾ ಯುದ್ಧದ ಕಾಲದಲ್ಲಿ ತಮ್ಮನ್ನೇ ಗೇಲಿ ಮಾಡಿದ ಚಿತ್ರ ನೋಡಿ ನೆಹರೂ ಫೋನ್ ಮಾಡಿ, ಖುಷಿಪಟ್ಟು, ಸಹಿ ಹಾಕಿದ ಪ್ರತಿ ಕೇಳಿದ್ದನ್ನ ಲಕ್ಷ್ಮಣ್ ಹೇಳ್ತಿದ್ರು. ಈಗ ಹಾಗೆ ಫೋನ್ ಬರಲ್ಲ, ಪೊಲೀಸ್ ಬರ್ತಾರೆ. 2012 ಒಂದೇ ವರ್ಷದಲ್ಲಿ ಮುಖ್ಯಮಂತ್ರಿಯ ಬಗ್ಗೆ ಕಾರ್ಟೂನ್ ಫಾರ್ವರ್ಡ್ ಮಾಡಿದ್ದಕ್ಕೆ ಜಾದವಪುರದ ಪ್ರೊಫೆಸರ್ ಅಂಬಿಕೇಶ್ ಮಹಾಪಾತ್ರ ಒಳಗೆ ಹೋದ್ರು, ಮುಂಬೈನಲ್ಲಿ ಅಸೀಮ್ ತ್ರಿವೇದಿ ರಾಜದ್ರೋಹದ ಆರೋಪದಲ್ಲಿ ಒಳಗೆ ಹೋದ್ರು. 'ನ್ಯೂಯಾರ್ಕ್ ಟೈಮ್ಸ್' 2019ರಲ್ಲಿ ತನ್ನ ಅಂತರರಾಷ್ಟ್ರೀಯ ಆವೃತ್ತಿಯಿಂದ ದಿನದ ರಾಜಕೀಯ ಕಾರ್ಟೂನನ್ನೇ ತೆಗೆದುಹಾಕಿತು, ತಾಪತ್ರಯವೇ ಬೇಡ ಅಂತ.

ಲಕ್ಷ್ಮಣ್ ತೀರಿಕೊಂಡದ್ದು 2015ರ ಜನವರಿ 26ರಂದು, ಪುಣೆಯಲ್ಲಿ, 93ನೇ ವಯಸ್ಸಲ್ಲಿ. ಸಿಂಬಯಾಸಿಸ್‌ನ ಆ ಪ್ರತಿಮೆ ಇರೋ ಆವರಣದಲ್ಲೇ ಅಂತಿಮ ದರ್ಶನಕ್ಕೆ ಇಟ್ಟಿದ್ರು, ಸರ್ಕಾರಿ ಗೌರವದ ಜೊತೆ ಕಳಿಸಿಕೊಟ್ರು. ಅವರ ಮಂತ್ರಿಗಳೆಲ್ಲ ಬಂದು ಹಾರ ಹಾಕೋ ಈ ದೃಶ್ಯವನ್ನ ಅವರೇ ಬರೆದಿದ್ರೆ ಹೇಗಿರ್ತಿತ್ತು ಅಂತ ಯೋಚಿಸ್ತಾ ಇರ್ತೀನಿ.

ಅವರಿಗೆ ಕಾಗೆ ಅಂದ್ರೆ ಪ್ರಾಣ, ಗೊತ್ತಾ? ಚಿಕ್ಕಂದಿನಿಂದ ಕೊನೆವರೆಗೂ ಕಾಗೆ ಬರೆದ್ರು. ನೂರು ಥರ ಕಾಗೆ. ಮುದುಕನಿಗೆ ಪ್ರತಿಮೆ ಕಟ್ಟಿದವರು ಒಂದು ಕಾಗೆಗೂ ಕಟ್ಟಬಹುದಿತ್ತು. ಅದಾದ್ರೆ ಕಂಡಿದ್ದನ್ನ ಕೂಗಿ ಹೇಳುತ್ತೆ.

ಹೋದ ಭಾನುವಾರ ಆ ಹುಡುಗನಿಗೆ ಫೋನ್ ಮಾಡ್ದೆ. ಮೂರನೇ ರಿಂಗಿಗೆ ಎತ್ತಿದ. ಹೊಸ ಕೆಲಸ ಸಿಕ್ಕಿದೆ, ಊರಿಗೆ ಹೋಗಿ ಬಂದೆ, ಕಾಫಿ ಕೊಯ್ಲು ಮುಗೀತು ಅಂದ. ನಾನು ರಿವ್ಯೂ ವಿಷಯ ಎತ್ತಿದೆ, ಅವತ್ತು ನಾನು ಹೇಳಬೇಕಿತ್ತು ಕಣೋ ಅಂದೆ. ಸ್ವಲ್ಪ ಹೊತ್ತು ಆ ಕಡೆಯಿಂದ ಏನೂ ಕೇಳಿಸ್ಲಿಲ್ಲ. ಆಮೇಲೆ, "ಹೌದು ಸಾರ್, ಹೇಳಬೇಕಿತ್ತು" ಅಂದ. ಪರವಾಗಿಲ್ಲ ಅನ್ನಲಿಲ್ಲ.

ಮ್ಯಾನೇಜರಿಗೆ ಒಂದು ಮೇಲ್ ಬರೆದಿಟ್ಟಿದ್ದೀನಿ. ಇನ್ನೂ ಡ್ರಾಫ್ಟಲ್ಲೇ ಇದೆ. ನಾಳೆ ಸೋಮವಾರ.